ಮೆಷಿನ್ ನಿಲ್ಲಿಸಿದವರು

ನಮ್ಮ ಲ್ಯಾಬಿನಲ್ಲಿ ಒಂದು ಮೆಷಿನ್ ಇದೆ. ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು, ಅಷ್ಟೇ ಅದರ ಕೆಲಸ. ತೆಳು ಸಿಲಿಕೋನ್ ಹಾಳೆಯನ್ನು ಎರಡು ಕಡೆ ಹಿಡಿದುಕೊಂಡು, ನಿಮಿಷಕ್ಕೆ ಹದಿನೈದು ಸಲ, ನಾವು ಉಸಿರಾಡುವ ಹಾಗೆ ಚೂರೇ ಚೂರು ಹಿಗ್ಗಿಸುತ್ತದೆ. ಹಾಳೆಯ ಮೇಲೆ ಜೀವಕೋಶಗಳನ್ನು ಬೆಳೆಸಿರುತ್ತೇವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅವು ಹಳೇ ಮನೆಯ ನೆಲಕ್ಕೆ ಹಾಸಿದ ಕಲ್ಲುಗಳಂತೆ ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಪ್ರತಿ ಎರಡು ಕೋಶದ ನಡುವೆಯೂ ಒಂದು ಬೆಸುಗೆ. ಹೊರಗಿನಿಂದ ಎಳೆತ ಬಿದ್ದಾಗ ಆ ಬೆಸುಗೆ ಬಿಗಿಯಾಗುತ್ತದೋ, ಬಿಟ್ಟುಕೊಳ್ಳುತ್ತದೋ, ಎಷ್ಟು ದಿನ ತಡೆಯುತ್ತದೋ, ಇದನ್ನು ತಿಳಿಯುವುದಕ್ಕೆ ಧನುಶ್ರೀ ಎಂಬ ಹುಡುಗಿ ಮೂರು ವರ್ಷದಿಂದ ಒದ್ದಾಡುತ್ತಿದ್ದಾಳೆ. ಪಿಎಚ್.ಡಿ. ಅಂದರೆ ಒದ್ದಾಟ ಅಂತಲೇ ಅರ್ಥ ಇರಬೇಕು.

ನಾನು ಶಶಿ, ಅಲ್ಲಿನ ಟೆಕ್ನಿಷಿಯನ್. ಕೋಶಗಳಿಗೆ ಊಟ ಹಾಕುವುದು, ಗಾಜಿನ ಸಾಮಾನು ತೊಳೆಯುವುದು, ರಿಜಿಸ್ಟರ್ ಬರೆಯುವುದು ನನ್ನ ಪಾಲು. ಮಲ್ಲೇಶ್ವರದ ಒಂದು ಹಳೇ ಬಂಗಲೆಯಲ್ಲಿ ನಮ್ಮ ಸಂಶೋಧನಾ ಕೇಂದ್ರ. ಶ್ರೀರಾಂಪುರದ ನಮ್ಮ ಮನೆಯಿಂದ ನಡೆದರೆ ಇಪ್ಪತ್ತೈದು ನಿಮಿಷ. ನಡೆದೇ ಹೋಗುತ್ತೇನೆ.

ಆ ಮೆಷಿನ್ ಮಾಡಿದವರು ನಮ್ಮ ಮನೆಯವರು, ಮುತ್ತುರಾಜ್. ಶ್ರೀರಾಂಪುರದಲ್ಲಿ ಅವರದೊಂದು ಲೇತ್ ಶೆಡ್ಡು. ಏಳು ವರ್ಷದ ಹಿಂದೆ ಫಾರಿನ್‌ನಿಂದ ತರಿಸಿದ್ದ ಮೆಷಿನ್ ಕೆಟ್ಟು ಕೂತಾಗ, ನಮ್ಮ ಪ್ರೊಫೆಸರ್ ವೃಷಭೇಂದ್ರಪ್ಪನವರು ತಲೆ ಮೇಲೆ ಕೈ ಹೊತ್ತಿದ್ದರು. ನಾನು ಮನೆಯಲ್ಲಿ ಮಾತಿಗೆ ಹೇಳಿದೆ. ಇವರು ಮಾರನೇ ದಿನವೇ ಗ್ರೀಸು ಕೈಯಲ್ಲೇ ಲ್ಯಾಬಿಗೆ ಬಂದು, ಕೆಟ್ಟದ್ದನ್ನು ಬಿಚ್ಚಿ ನೋಡಿ, "ಇಷ್ಟೇನಾ ಸಾರ್?" ಅಂದರು. ಮೋಟಾರು ಎಸ್.ಪಿ. ರೋಡಿನ ಅಂಗಡಿಯದು, ಉಳಿದದ್ದೆಲ್ಲ ಅವರ ಲೇತಿನದು. ಅವತ್ತಿನಿಂದ ಲ್ಯಾಬಿನಲ್ಲಿ ಕೋಶ ಬೆಳೆಸುವ ಬೆಚ್ಚನೆ ಪೆಟ್ಟಿಗೆಯೊಳಗೆ ಅದು ಟಿಕ್, ಸರ್ರ್, ಟಿಕ್, ಸರ್ರ್ ಅನ್ನುತ್ತಲೇ ಇದೆ.

ಈ ವರ್ಷ ಮಾರ್ಚಿನಲ್ಲಿ ಅವರು ಲೇತ್ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಹೋದರು. ನಲವತ್ತನಾಲ್ಕು ವರ್ಷ. ನಾನು ಲ್ಯಾಬಿಗೆ ಫೋನ್ ಮಾಡಿ ಜ್ವರ ಅಂದೆ. ಮೂರನೇ ದಿನ ಕೆಲಸಕ್ಕೆ ಹೋದೆ. ಧನು "ಜ್ವರ ಬಿಡ್ತಾ ಅಕ್ಕ?" ಅಂದಳು. ಬಿಡ್ತು ಅಂದೆ. "ಮುತ್ತಣ್ಣ ಹೇಗಿದಾರೆ?" ಅಂದಳು. ಚೆನ್ನಾಗಿದಾರೆ ಅಂದೆ.

ಯಾಕೆ ಹಾಗೆ ಹೇಳಿದೆ ಅಂತ ಬೇಕಾದಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬೀದಿಯಲ್ಲಿ, ನಲ್ಲಿ ಹತ್ತಿರ, ರೇಷನ್ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರ ಮುಖದಲ್ಲೂ ಅವರು ಸತ್ತಿದ್ದರು. ಲ್ಯಾಬೊಂದರಲ್ಲಿ ಮಾತ್ರ ಯಾರಾದರೂ ವಾರಕ್ಕೊಮ್ಮೆ ಹೇಗಿದಾರೆ ಅಂತ ಕೇಳುತ್ತಿದ್ದರು, ನಾನು ಚೆನ್ನಾಗಿದಾರೆ ಅನ್ನುತ್ತಿದ್ದೆ. ಆ ಒಂದು ರೂಮು ನನಗೆ ಬೇಕಾಗಿತ್ತು. ಅವರ ಫೋನು ನನ್ನ ಬ್ಯಾಗಿನಲ್ಲೇ ಇತ್ತು. ಚಾರ್ಜ್ ಮಾಡಿ, ತಪ್ಪದೆ ರೀಚಾರ್ಜ್ ಮಾಡಿಸಿ ಇಟ್ಟುಕೊಂಡಿದ್ದೆ.

ನೋಡಿದವರಿಗೆ ಅನುಮಾನ ಬರುವಂಥದ್ದೇನೂ ನನ್ನ ಮೈಮೇಲೆ ಇರಲಿಲ್ಲ. ತೀರಿಹೋದ ನಮ್ಮ ಮಾವ ದೇವಯ್ಯನವರು ಬೌದ್ಧ ದೀಕ್ಷೆ ತಗೊಂಡಿದ್ದವರು. ಬಳೆ ಒಡೆಯುವುದು, ಕುಂಕುಮ ಅಳಿಸುವುದು ಈ ಮನೆಯಲ್ಲಿ ಇಲ್ಲ ಅಂತ ಆಗಲೇ ಕಟ್ಟು ಮಾಡಿದ್ದರು. ಮುತ್ತುರಾಜ್ ಹೋದ ದಿನ ಸಂಬಂಧಿಕರೊಬ್ಬರು ನನ್ನ ಬಳೆಗೆ ಕೈ ಹಾಕಿದಾಗ ನಮ್ಮ ಅತ್ತೆ ಕಮಲಮ್ಮ ಎದ್ದು ಬಂದು, "ಮುಟ್ಟಿದ್ರೆ ಕೈ ಮುರೀತೀನಿ" ಅಂದರು. ಬುದ್ಧನ ಫೋಟೋ ಕೆಳಗೆ ನಿಂತು ಆಡುವ ಮಾತಲ್ಲ, ಆದರೆ ಅವರು ಆಡಿದರು. ತಾಳಿ, ಬಳೆ, ಕುಂಕುಮ ಎಲ್ಲ ಹಾಗೇ ಉಳಿಯಿತು.

ಅತ್ತೆ ಅವತ್ತು ಅಳಲಿಲ್ಲ. ಆಮೇಲೂ ಅಳಲಿಲ್ಲ. ನಾನೂ ಅಳಲಿಲ್ಲ. ನನಗೆ ಬರಲೇ ಇಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಕೊಡುತ್ತಾರಲ್ಲ, ದವಡೆ ಇದೆಯೋ ಇಲ್ಲವೋ ಗೊತ್ತಾಗದ ಹಾಗೆ, ನನಗೆ ಇಡೀ ಮೈಯೇ ಹಾಗಿತ್ತು. ಬೀದಿಯ ಹೆಂಗಸರು ಬಂದು ನಮ್ಮಿಬ್ಬರ ಪರವಾಗಿ ಅತ್ತು ಹೋದರು. ನಾನಾದರೂ ಹೊರಗಿನಿಂದ ಬಂದವಳು, ಅತ್ತೆ ಹೆತ್ತವರು. ರಾತ್ರಿ ಊಟಕ್ಕೆ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಇಡುವಾಗ ಅವರ ಕೈ ಒಂದು ದಿನವೂ ನಡುಗಿದ್ದನ್ನು ನಾನು ಕಾಣೆ. ಕಲ್ಲುಗುಂಡು ಅಂದುಕೊಂಡೆ. ಆ ಸಿಟ್ಟೊಂದೇ ಆ ತಿಂಗಳುಗಳಲ್ಲಿ ನನಗೆ ಸರಿಯಾಗಿ ಗೊತ್ತಾಗುತ್ತಿದ್ದದ್ದು.

ಧನುವಿನ ಹಾಳೆಗಳದ್ದೂ ಒಂದು ಗೋಳು. ಎಳೆಯಲು ಶುರು ಮಾಡಿದ ಮೊದಲ ಎರಡು ದಿನ ಬೆಸುಗೆಗಳು ಚೆನ್ನಾಗಿ ಬಿಗಿಯುತ್ತಿದ್ದವು. ಹಸಿರು ಬಣ್ಣ ಹಾಕಿ ನೋಡಿದರೆ ಕೋಶಗಳ ನಡುವಿನ ಗೆರೆ ದಪ್ಪವಾಗುತ್ತಾ ಬರುತ್ತಿತ್ತು. ನಾಲ್ಕನೇ ದಿನಕ್ಕೆ ಸರಿಯಾಗಿ ಅಲ್ಲೊಂದು ಇಲ್ಲೊಂದು ತೂತು ಬಿದ್ದು, ಸಂಜೆಯೊಳಗೆ ಇಡೀ ಹಾಳೆ ಚಿಂದಿ. ಎಳೆಯದೇ ಸುಮ್ಮನೆ ಇಟ್ಟ ಹಾಳೆಗಳು ಇನ್ನೂ ಕೆಲಸಕ್ಕೆ ಬಾರದವು, ತೊಳೆಯುವಾಗ ನೀರು ಸೋಕಿದರೆ ಬಿಟ್ಟುಕೊಳ್ಳುತ್ತಿದ್ದವು. "ಎಳದ್ರೂ ಕಷ್ಟ, ಬಿಟ್ರೂ ಕಷ್ಟ, ನಮ್ಮ ಸಾರ್ ಥರ" ಅನ್ನುತ್ತಿದ್ದಳು ಧನು.

ಆಯುಧಪೂಜೆ ಬಂತು. ಪ್ರತಿ ವರ್ಷ ಆ ದಿನ ಲ್ಯಾಬಿಗೆ ರಜೆ. ಮುತ್ತುರಾಜ್ ಒಬ್ಬರೇ ಬರುತ್ತಿದ್ದರು. ಮೆಷಿನ್ ನಿಲ್ಲಿಸಿ, ಒರೆಸಿ, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಕಡ್ಲೆಪುರಿ ಪೊಟ್ಟಣ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಬುದ್ಧನ ಮನೆಯವನು ಪೂಜೆ ಮಾಡ್ತೀಯಲ್ಲೋ ಅಂತ ಯಾರಾದರೂ ಕಿಚಾಯಿಸಿದರೆ, "ನಾನೇನು ದೇವ್ರಿಗೆ ಕೈ ಮುಗೀತಿದೀನಾ? ವರ್ಷವೆಲ್ಲ ದುಡಿದಿದೆ, ಒಂದು ದಿನ ಕೂತ್ಕೊಳ್ಳಿ ಬಿಡ್ರೀ" ಅನ್ನುತ್ತಿದ್ದರು. ಆ ದಿನ ಅವರ ಲೇತೂ ತಿರುಗುತ್ತಿರಲಿಲ್ಲ. ಬೇರೆಯವರ ಕೆಲಸ ಎಷ್ಟೇ ಅರ್ಜೆಂಟ್ ಇರಲಿ, ಮುಟ್ಟುತ್ತಿರಲಿಲ್ಲ.

ನಮ್ಮ ಪ್ರೊಫೆಸರರ ಕಟ್ಟಪ್ಪಣೆ ಒಂದಿತ್ತು: ಮೆಷಿನ್ ನಿಲ್ಲಿಸಿದವರು ರಿಜಿಸ್ಟರಿನಲ್ಲಿ ಬರೆಯಬೇಕು. 'ನಿಲ್ಲಿಸಿದವರು', 'ಚಾಲೂ ಮಾಡಿದವರು' ಅಂತ ಎರಡು ಕಲಂ. ನಡೆಯುತ್ತಿದ್ದರೆ ಬೆಳಿಗ್ಗೆ ಸಂಜೆ 'ನಡೆಯುತ್ತಿದೆ' ಅಂತ ಬರೆದು ಸಹಿ. ಪ್ರತಿ ಆಯುಧಪೂಜೆಯಲ್ಲೂ ಮೊದಲ ಕಲಮಿನಲ್ಲಿ ಅವರ ಹೆಸರು. ಮಾರನೇ ಬೆಳಿಗ್ಗೆ ಬಂದು ಸ್ವಿಚ್ ಹಾಕುತ್ತಿದ್ದವಳು ನಾನು. ಎರಡನೇ ಕಲಮಿನಲ್ಲಿ ನನ್ನ ಹೆಸರು.

ಅಷ್ಟು ವರ್ಷವೂ ಆ ದಿನ ಮೆಷಿನ್‌ನೊಳಗೆ ಹಾಳೆ ಇರುತ್ತಿರಲಿಲ್ಲ. ಈ ಸಲ ಧನುವಿಗೆ ಪುರುಸೊತ್ತಿರಲಿಲ್ಲ. ಅವಳ ಫೆಲೋಶಿಪ್ ವರ್ಷದ ಕೊನೆಗೆ ಮುಗಿಯುತ್ತಿತ್ತು. ಸೋಮವಾರ ಮೂರು ಹಾಳೆ ಹಾಕಿ ತಿಪಟೂರಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ಅಕ್ಕ, ಈ ಸಲ ಪೂಜೆಗೆ ನಿಲ್ಲಿಸ್ಬೇಡಿ ಪ್ಲೀಸ್. ಮುತ್ತಣ್ಣನಿಗೂ ಹೇಳಿ, ಬರೀ ಹೂವು ಇಟ್ಟು ಹೋಗ್ಲಿ."

"ಹೇಳ್ತೀನಿ" ಅಂದೆ.

ಬುಧವಾರ ಬೆಳಿಗ್ಗೆ ಎಂಟನೇ ಅಡ್ಡರಸ್ತೆಯಲ್ಲಿ ಸೇವಂತಿಗೆ ತಗೊಂಡು ಹೋದೆ. ಎಣ್ಣೆ ಡಬ್ಬಿ, ಬನಿಯನ್ ಬಟ್ಟೆ, ಕುಂಕುಮ ಎಲ್ಲ ಅವರು ಹೊಂದಿಸಿಕೊಳ್ಳುತ್ತಿದ್ದ ಹಾಗೇ ಹೊಂದಿಸಿಕೊಂಡಿದ್ದೆ. ಕೋಶಗಳು ಒಳಗಿವೆ ಅಂತ ನನಗೆ ಗೊತ್ತಿತ್ತು. ಮರೆತೆ ಅಂತ ಸುಳ್ಳು ಹೇಳುವುದಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದೆ, ಟಿಕ್, ಸರ್ರ್ ಕೇಳಿದೆ, ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಇವತ್ತು ಇದು ತಿರುಗಬಾರದು ಅನ್ನುವುದೊಂದೇ ತಲೆಯಲ್ಲಿದ್ದದ್ದು. ನಿಲ್ಲಿಸಿದೆ. ಒರೆಸಿದೆ, ಎಣ್ಣೆ ಬಿಟ್ಟೆ, ಕುಂಕುಮ ಇಟ್ಟೆ. ಆಗ ಗಂಟೆ ಹತ್ತು.

ರಿಜಿಸ್ಟರ್ ತೆಗೆದೆ. 'ನಿಲ್ಲಿಸಿದವರು' ಅನ್ನುವ ಕಲಮಿನ ಮುಂದೆ ಪೆನ್ನು ಹಿಡಿದು ಕೂತೆ. ಅವರ ಹೆಸರು ಬರೆಯುವ ಹಾಗಿಲ್ಲ. ನನ್ನ ಹೆಸರು ಬರೆದರೆ ಈ ಸಲ ಅವರು ಬರಲಿಲ್ಲ ಅಂತ ಆಗುತ್ತದೆ. ಎರಡೂ ಬೇಡ ಅನ್ನಿಸಿ 'ನಡೆಯುತ್ತಿದೆ' ಅಂತ ಬೆಳಿಗ್ಗೆಗೂ ಸಂಜೆಗೂ ಒಟ್ಟಿಗೇ ಬರೆದು ಸಹಿ ಹಾಕಿ ಮನೆಗೆ ಬಂದೆ. ಮಾರನೇ ದಿನ ಎಂಟು ಗಂಟೆಗೆ ಹೋಗಿ ಸ್ವಿಚ್ ಹಾಕಿದೆ. ಮತ್ತೆ 'ನಡೆಯುತ್ತಿದೆ'. ಏನೂ ಅನ್ನಿಸಲಿಲ್ಲ.

ಶುಕ್ರವಾರ ಧನು ವಾಪಸ್ ಬಂದಳು. ಅಷ್ಟರಲ್ಲಿ ಹಾಳೆ ಹರಿದಿರಬೇಕಿತ್ತು, ಹರಿದಿರಲಿಲ್ಲ. ಶನಿವಾರವೂ ಹರಿಯಲಿಲ್ಲ. ಒಂದು ವಾರ ಕಳೆಯಿತು. ಹನ್ನೊಂದನೇ ದಿನ ಅವಳು ಹೊರತೆಗೆದು ಬಣ್ಣ ಹಾಕಿ ನೋಡಿದಳು. ಮೂರೂ ಹಾಳೆಯಲ್ಲಿ ಒಂದು ತೂತಿಲ್ಲ. ಕೋಶಗಳ ನಡುವಿನ ಹಸಿರು ಗೆರೆ ಹಿಂದೆಂದೂ ಕಾಣದಷ್ಟು ದಪ್ಪ. ಹುಡುಗಿ ನನ್ನನ್ನು ತಬ್ಬಿಕೊಂಡು ಕುಣಿದಳು. ನಾನೂ ಕುಣಿದ ಹಾಗೆ ಕಾಲು ಎತ್ತಿ ಇಟ್ಟೆ.

"ಮುತ್ತಣ್ಣನ ಪೂಜೆ ಕೈ ಹಿಡೀತು ನೋಡಿ ಅಕ್ಕ! ಬಂದಿದ್ರಲ್ವಾ?"

"ಬಂದಿದ್ರು" ಅಂದೆ.

ಆಮೇಲೆ ಅವಳು ಅದೇ ಪ್ರಯೋಗವನ್ನು ಮೂರು ಸಲ ಮಾಡಿದಳು. ಮೂರು ಸಲವೂ ನಾಲ್ಕನೇ ದಿನ ಚಿಂದಿ. ಅಷ್ಟರಲ್ಲಿ ಆ ಹನ್ನೊಂದು ದಿನದ ಚಿತ್ರಗಳನ್ನು ಒಂದು ದೊಡ್ಡ ಸಮ್ಮೇಳನಕ್ಕೆ ಕಳಿಸಿ ಆಗಿತ್ತು. ನವೆಂಬರಿನ ಒಂದು ಗುರುವಾರ, ಎಲ್ಲರೂ ಕೂತ ಮೀಟಿಂಗಿನಲ್ಲಿ, ಪ್ರೊಫೆಸರ್ ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು: "ಧನುಶ್ರೀ, ಆ ಮೂರು ಹಾಳೆ ಹನ್ನೊಂದು ದಿನ ಎಳೆದವೇ ತಾನೆ? ಹೊಸ ಹಾಳೆ ಅಲ್ವಲ್ಲ?"

ಮೆತ್ತಗೆ ಕೇಳಿದರು. ಕೇಳಬೇಕಾದ್ದನ್ನೇ ಕೇಳಿದರು. ಆದರೆ ಹರಿದ ಹಾಳೆ ಎಸೆದು ಹೊಸದರ ಫೋಟೋ ತೆಗೆದೆಯಾ ಅನ್ನುವುದು ಅದರ ಅರ್ಥ ಅಂತ ಕೂತಿದ್ದವರಿಗೆಲ್ಲ ಗೊತ್ತಾಯಿತು. ಸೋಮವಾರ ಕಮಿಟಿ ಕೂರುತ್ತದೆ, ಎಲ್ಲ ದಾಖಲೆ ತರಬೇಕು ಅಂದರು. ದಾಖಲೆ ಅಂದರೆ ನನ್ನ ರಿಜಿಸ್ಟರ್. ಅದರಲ್ಲಿ ಎಲ್ಲ ದಿನವೂ 'ನಡೆಯುತ್ತಿದೆ'.

ಧನು ಗಾಜು ತೊಳೆಯುವ ರೂಮಿಗೆ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಕೂತವಳೇ ಅಳಲು ಶುರು ಮಾಡಿದಳು. ಮೂಗು, ಬಾಯಿ, ಕಣ್ಣು ಎಲ್ಲದರಿಂದ ನೀರು. ನಾನು ನಲ್ಲಿ ನಿಲ್ಲಿಸಿ ನೋಡುತ್ತಾ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಎಷ್ಟು ಸಲೀಸಾಗಿ ಬರುತ್ತದೆ ಇವಳಿಗೆ ಅನ್ನಿಸಿತು.

"ನಾನು ಮೋಸ ಮಾಡಿಲ್ಲ ಅಕ್ಕ."

"ಗೊತ್ತು."

"ಆ ವಾರ ಏನೋ ಬೇರೆ ಆಗಿದೆ. ನಂಗೊತ್ತು, ಏನೋ ಆಗಿದೆ. ಕರೆಂಟ್ ಹೋಗಿತ್ತಾ ಅಂತ ಕೇಳ್ದೆ, ಹೋಗಿಲ್ಲ." ಸೆರಗಿಲ್ಲದ ಹುಡುಗಿ, ಲ್ಯಾಬ್ ಕೋಟಿನ ತೋಳಿಗೆ ಮುಖ ಒರೆಸಿಕೊಂಡಳು. "ಅಕ್ಕ, ಬೇಜಾರ್ ಮಾಡ್ಕೋಬೇಡಿ. ಮುತ್ತಣ್ಣ ಏನಾದ್ರೂ ಮರ್ತು ನಿಲ್ಲಿಸಿದ್ರಾ?"

ಸುಳ್ಳು ಹೇಳಿದರೆ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕು ಅನ್ನುತ್ತಾರಲ್ಲ, ಅಂಥದ್ದೊಂದು ತಟ್ಟೆಯಲ್ಲಿ ಇಟ್ಟುಕೊಟ್ಟ ಹಾಗೆ ತಾನಾಗಿ ಬಂದಿತ್ತು. ಹೂಂ ಅಂದರೆ ಹುಡುಗಿ ಉಳಿಯುತ್ತಾಳೆ. ನನ್ನ ಕೆಲಸವೂ ಉಳಿಯುತ್ತದೆ, ಗಂಡ ಮಾಡಿದ್ದನ್ನು ಹೆಂಡತಿ ಮುಚ್ಚಿದಳು, ಅಷ್ಟೇ. ಎಲ್ಲಕ್ಕಿಂತ ಹೆಚ್ಚಾಗಿ, ಅವರು ಅಕ್ಟೋಬರಿನಲ್ಲಿ ಈ ರೂಮಿಗೆ ಬಂದು ಒಂದು ಸ್ವಿಚ್ ಒತ್ತಿದ ಹಾಗಾಗುತ್ತದೆ. ಸತ್ತವರ ತಲೆಗೆ ಕಟ್ಟಿದರೆ ಅವರೇನು ಎದ್ದು ಬಂದು ಕೇಳುವುದಿಲ್ಲ.

"ಹೂಂ" ಅಂದೆ. "ಅವ್ರೇ ನಿಲ್ಲಿಸಿದ್ರು. ಒಂದು ದಿನ. ನಾನು ಬೈದೆ. ನಿನಗೆ ಹೇಳೋಕೆ ಭಯ ಆಯ್ತು."

ಧನು ಬಾಯಿ ತೆರೆದುಕೊಂಡು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಎದ್ದು ನನ್ನ ಒದ್ದೆ ಕೈ ಹಿಡಿದು ಎಳೆದುಕೊಂಡು ಪ್ರೊಫೆಸರ್ ರೂಮಿಗೆ ಓಡಿದಳು.

ವೃಷಭೇಂದ್ರಪ್ಪನವರು ಪೂರ್ತಿ ಕೇಳಿದರು. ಎದ್ದು ಕಿಟಕಿ ಹತ್ತಿರ ಹೋಗಿ ಬಂದು ಕೂತರು. ಮುಖ ಸ್ವಲ್ಪ ಸಡಿಲವಾಯಿತು.

"ರೆಸ್ಟ್ ಕೊಟ್ಟಿದ್ದಕ್ಕೆ ಗಟ್ಟಿಯಾಯ್ತು ಅಂತೀಯ," ಅಂದರು ಧನುವಿಗೆ. "ಇರಬಹುದು. ಆದ್ರೆ ಸೋಮವಾರ ಕಮಿಟಿ ಮುಂದೆ ರಿಜಿಸ್ಟರ್ ಒಂದು ಹೇಳತ್ತೆ, ನೀನೊಂದು ಹೇಳ್ತೀಯ. ನಿಲ್ಲಿಸಿದವರ ಬಾಯಲ್ಲೇ ಬರ್ಬೇಕು. ಎಷ್ಟು ಗಂಟೆ ನಿಲ್ಲಿಸಿದ್ರು, ಎಳೆದ ಸ್ಥಿತೀಲಿ ನಿಂತಿತ್ತಾ ಸಡಿಲವಾಗಿ ನಿಂತಿತ್ತಾ, ಎಲ್ಲ ಬೇಕು. ಶಶಿ, ಮುತ್ತುರಾಜ್ ಅವ್ರನ್ನ ಸೋಮವಾರ ಬರೋಕೆ ಹೇಳಿ. ಹಾಗೇ ತಾನಾಗೇ ನಿಲ್ಲೋ ಟೈಮರ್ ಒಂದು ಮಾಡ್ಕೊಡೋಕಾಗತ್ತಾ ಕೇಳಿ. ಅವ್ರಿಗೆ ಅದೇನು ಮಹಾ."

"ಅವ್ರು ಊರಲ್ಲಿಲ್ಲ ಸಾರ್" ಅಂದೆ.

"ಫೋನಲ್ಲಾದ್ರೂ ಸಿಗ್ತಾರಲ್ಲ."

"ನನ್ನ ಹತ್ರ ನಂಬರ್ ಇದೆ ಸಾರ್," ಅಂದಳು ಧನು. ಮೊದಲೆಲ್ಲ ಮೆಷಿನ್ ಕೆಟ್ಟಾಗ ಅವಳೇ ಅವರಿಗೆ ಫೋನ್ ಮಾಡುತ್ತಿದ್ದಳು; ಮಾರ್ಚಿನಿಂದ ಈಚೆಗೆ ಅದು ಕೆಟ್ಟಿರಲಿಲ್ಲ. ನಾನು ಬೇಡ ಅನ್ನುವಷ್ಟರಲ್ಲಿ ಒತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

ನನ್ನ ಬ್ಯಾಗು ಹೊರಗೆ ಗಾಜು ತೊಳೆಯುವ ರೂಮಿನಲ್ಲಿತ್ತು. ಬಾಗಿಲು ತೆರೆದೇ ಬಂದಿದ್ದೆವು. ಮೇಜಿನ ಮೇಲೆ ರಿಂಗಾಗುವ ಸದ್ದು ಕೇಳಿತು. ಅದರ ಹಿಂದೆಯೇ ಅಲ್ಲಿ, ಸ್ಟೀಲ್ ಟಿಫನ್ ಡಬ್ಬಿಗೆ ತಗುಲಿಕೊಂಡು ಇನ್ನೊಂದು ಫೋನು ಗುರ್ರ್ ಗುರ್ರ್ ಅಂತ ನಡುಗಲು ಶುರುವಾಯಿತು. ಇಲ್ಲಿ ನಿಂತಾಗ ಅಲ್ಲಿಯೂ ನಿಂತಿತು. ಧನು ಅರ್ಥವಾಗದೆ ಇನ್ನೊಂದು ಸಲ ಒತ್ತಿದಳು. ಮತ್ತೆ ಡಬ್ಬಿ ನಡುಗಿತು. ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಣ್ಣ ಫೋನ್ ಬಿಟ್ಟು ಹೋಗಿದಾರಾ ಅಕ್ಕ?"

ಇನ್ನೂ ಒಂದು ಸುಳ್ಳಿಗೆ ಜಾಗ ಇತ್ತು. ಹೂಂ, ಬಿಟ್ಟು ಹೋಗಿದಾರೆ ಅಂದಿದ್ದರೆ ಅವತ್ತಿಗೆ ಸಾಗುತ್ತಿತ್ತು. ಸೋಮವಾರ ಏನು ಮಾಡಲಿ? ಅವರನ್ನು ಎಲ್ಲಿಂದ ತಂದು ಕಮಿಟಿ ಮುಂದೆ ಕೂರಿಸಲಿ? ಅವರು ಬಾರದಿದ್ದರೆ ಈ ಹುಡುಗಿ ಸುಳ್ಳಿ ಅಂತಾಗುತ್ತದೆ. ಸಾಯುವತನಕ ಆ ಹೆಸರು ಅವಳಿಗೆ ಅಂಟಿಕೊಳ್ಳುತ್ತದೆ.

"ಅವ್ರು ತೀರ್ಕೊಂಡ್ರು ಸಾರ್," ಅಂದೆ. "ಮಾರ್ಚಲ್ಲಿ. ಜ್ವರ ಅಂತ ಎರಡು ದಿನ ರಜೆ ಹಾಕಿದ್ನಲ್ಲ, ಆಗ. ಮೆಷಿನ್ ನಿಲ್ಲಿಸಿದ್ದು ನಾನು. ರಿಜಿಸ್ಟರಲ್ಲಿ ಸುಳ್ಳು ಬರೆದಿದ್ದೂ ನಾನೇ. ಧನು ತಪ್ಪು ಏನೂ ಇಲ್ಲ."

ನನ್ನ ದನಿ ಬೇರೆ ಯಾರದೋ ಹಾಗೆ ಕೇಳಿಸಿತು. ಕಂಡಕ್ಟರು ಸ್ಟಾಪಿನ ಹೆಸರು ಕೂಗುವ ಹಾಗೆ. ಧನು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪ್ರೊಫೆಸರ್ ಮೇಜಿನ ಮೇಲಿನ ಫೋನನ್ನು ಅವಳ ಕಡೆ ಸರಿಸಿದರು. ಅಯ್ಯೋ ಪಾಪ ಅನ್ನುತ್ತಾರೆ, ನನಗೆ ತಡೆಯಲಾಗುವುದಿಲ್ಲ ಅಂದುಕೊಂಡೆ. ಅವರು ಅನ್ನಲಿಲ್ಲ. ಪೆನ್ನು ತೆಗೆದರು.

"ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ನಿಲ್ಲಿಸಿದ್ರಿ?"

"ಬೆಳಿಗ್ಗೆ ಹತ್ತರಿಂದ ಮಾರನೇ ಬೆಳಿಗ್ಗೆ ಎಂಟು. ಇಪ್ಪತ್ತೆರಡು ಗಂಟೆ."

"ಸಡಿಲವಾಗಿ ನಿಂತಿತ್ತಾ?"

"ಹೌದು ಸಾರ್. ಅವ್ರು ಮಾಡಿರೋದೇ ಹಾಗೆ. ಎಲ್ಲಿ ನಿಲ್ಲಿಸಿದ್ರೂ ಸಡಿಲ ಮಾಡ್ಕೊಂಡೇ ನಿಲ್ಲತ್ತೆ."

ಅವರು ಬರೆದುಕೊಂಡರು. ಆ ಮನುಷ್ಯ ಆಗ ಕರುಣೆ ತೋರಿಸದೆ ಗಂಟೆ ಕೇಳಿದ್ದಕ್ಕೆ ನಾನು ಇವತ್ತಿಗೂ ಋಣಿ.

ಸೋಮವಾರ ಕಮಿಟಿಯ ಮುಂದೆ ನಾನೇ ನಿಂತು ಹೇಳಿದೆ. ನನಗೆ ಮೆಮೋ ಬಂತು. ಉತ್ತರ ಕೊಟ್ಟೆ. ಏಪ್ರಿಲ್‌ನಲ್ಲಿ ನನ್ನ ಕಾಂಟ್ರಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಯಾರೂ ಹೇಳಿಲ್ಲ. ಧನುವಿಗೆ ಇನ್ನೊಂದು ಸಲ ಮಾಡಿ ತೋರಿಸು ಅಂದರು. ಅವಳು ಮೂರು ಹಾಳೆ ಹಾಕಿ, ಮೂರನೇ ದಿನ ಬೆಳಿಗ್ಗೆ ತಾನೇ ನಿಲ್ಲಿಸಿ, ಇಪ್ಪತ್ತೆರಡು ಗಂಟೆ ಅಲ್ಲೇ ಸುಳಿದಾಡುತ್ತಾ ಕಾದು, ಮತ್ತೆ ಚಾಲೂ ಮಾಡಿದಳು. ಹನ್ನೊಂದನೇ ದಿನ ಮೂರೂ ಹಾಳೆ ಗಟ್ಟಿಯಾಗಿದ್ದವು. ವೃಷಭೇಂದ್ರಪ್ಪನವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ, "ಇನ್ನೊಂದು ಸಲ ಬಂದ್ರೆ ನಂಬ್ತೀನಿ" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

"ಎಳೀತಾನೇ ಇದ್ರೆ ಪಾಪ ಕೋಶಗಳು ಇರೋ ಹಗ್ಗಾನೇ ಬಿಗಿಯಾಗಿ ಹಿಡ್ಕೊಂಡು ನಿಂತ್ಬಿಡ್ತವೆ ಅಕ್ಕ," ಅಂತ ಧನು ನನಗೆ ಬಿಡಿಸಿ ಹೇಳಿದಳು. "ಹೊಸ ಹಗ್ಗ ಹೊಸೆಯೋಕೆ ಕೈ ಖಾಲಿ ಇರಲ್ಲ. ಒಂದು ದಿನ ಬಿಟ್ರೆ ಹೊಸೆದ್ಕೊಳ್ತವೆ. ಆದ್ರೆ ಮೊದ್ಲು ಎಳೆದಿರ್ಬೇಕು. ಎಳೆಯದೇ ಬಿಟ್ರೆ ಹೊಸೆಯೋದೇ ಇಲ್ಲ."

ತಲೆ ಆಡಿಸಿದೆ. ಈಗ ಲ್ಯಾಬಿನಲ್ಲಿ ಮುತ್ತಣ್ಣ ಹೇಗಿದಾರೆ ಅಂತ ಯಾರೂ ಕೇಳುತ್ತಿರಲಿಲ್ಲ. ನಾನು ಬಂದರೆ ಮಾತು ತಗ್ಗುತ್ತಿತ್ತು. ಆ ರೂಮೂ ಹೋಯಿತು. ಹೋಗಿದ್ದಕ್ಕೆ ಸಂಕಟವಾಗಬೇಕಿತ್ತು, ಆಗಲಿಲ್ಲ. ದವಡೆ ಇನ್ನೂ ಮರಗಟ್ಟಿಕೊಂಡೇ ಇತ್ತು.

ಡಿಸೆಂಬರಿನಲ್ಲಿ ಎರಡನೇ ಸಲದ ಹಾಳೆಗಳನ್ನು ಹಾಕಿದ್ದಾಯಿತು. ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಧನು ನನ್ನನ್ನು ಕರೆದಳು.

"ಈ ಸಲ ನೀವೇ ನಿಲ್ಲಿಸಿ ಅಕ್ಕ. ನಾಳೆ ಬೆಳಿಗ್ಗೆ ನಾನು ಬಂದು ಚಾಲೂ ಮಾಡ್ತೀನಿ. ನೀವು ಮನೆಗೆ ಹೋಗಿ. ಸಾರ್‌ಗೆ ಹೇಳಿದೀನಿ."

ಬಾಗಿಲು ತೆಗೆದು ಸ್ವಿಚ್ ಒತ್ತಿದೆ. ಟಿಕ್ ಅಂದಿತು, ಸರ್ರ್ ಅಂತ ಸಡಿಲವಾಗಿ ನಿಂತಿತು. ರಿಜಿಸ್ಟರ್ ತೆಗೆದೆ. ಬೇಕಂತಲೇ ಒಂದಷ್ಟು ಪುಟ ಹಿಂದಕ್ಕೆ ತಿರುಗಿಸಿದೆ. ಹೋದ ವರ್ಷದ ಆಯುಧಪೂಜೆ ಸಿಕ್ಕಿತು. ನಿಲ್ಲಿಸಿದವರು: ಮುತ್ತುರಾಜ್. ಚಾಲೂ ಮಾಡಿದವರು: ಶಶಿ. ಅವರ 'ಮು' ಯಾವಾಗಲೂ ಸ್ವಲ್ಪ ಅಡ್ಡ ಮಲಗುತ್ತಿತ್ತು. ಪಕ್ಕದಲ್ಲಿ ಎಣ್ಣೆ ಬೆರಳಿನ ಗುರುತು. ಅದರ ಮೇಲೆ ನನ್ನ ಬೆರಳು ಇಟ್ಟು ನೋಡಿದೆ. ಇವತ್ತಿನ ಪುಟಕ್ಕೆ ಬಂದು ಮೊದಲ ಕಲಮಿನಲ್ಲಿ ಬರೆದೆ. ನಿಲ್ಲಿಸಿದವರು: ಶಶಿ. ಇಷ್ಟು ವರ್ಷದಲ್ಲಿ ಆ ಕಲಮಿನಲ್ಲಿ ನಾನು ನನ್ನ ಹೆಸರು ಬರೆದದ್ದು ಅದೇ ಮೊದಲು. ಎರಡನೇ ಕಲಂ ಖಾಲಿ ಬಿಟ್ಟೆ. ಬ್ಯಾಗು ತಗೊಂಡು ಹೊರಟೆ.

ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಮ್ಮ ಬೀದಿಯನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು. ಮನೆಯ ಹೊಸ್ತಿಲ ಹತ್ತಿರ ಅತ್ತೆ ಕೂತು, ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ. ನನ್ನನ್ನು ಕಂಡು ಕೈ ನಿಲ್ಲಿಸಿದರು.

"ಯಾಕಮ್ಮಾ ಇಷ್ಟ್ ಬೇಗ ಬಂದೆ? ಹುಷಾರಿಲ್ವಾ?"

"ಮೆಷಿನ್ ನಿಲ್ಸಿದೀವಿ ಅತ್ತೆ. ನಾಳೆವರೆಗೂ."

"ಅದು ಮುತ್ತು ನಿಲ್ಲಿಸ್ತಿದ್ದ ಮೆಷಿನ್ ಅಲ್ವಾ? ಯಾರು ನಿಲ್ಸಿದ್ದು?"

"ನಾನೇ ನಿಲ್ಸ್‌ದೆ" ಅಂದೆ.

ಅಷ್ಟು ಹೇಳಿದ್ದೇ ತಡ, ಅಳು ಕಿತ್ತುಕೊಂಡು ಬಂತು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಹೊಸ್ತಿಲ ಮೇಲೆ ಕುಸಿದು ಅವರ ಮಡಿಲಲ್ಲಿ ಮುಖ ಹುದುಗಿಸಿದೆ. ಜೋರಾಗಿ, ಬೀದಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ. ನಮ್ಮ ಮನೆಯವರ ಹೆಸರು ಹಿಡಿದು ಕೂಗಿದೆ. ಬದುಕಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ.

ಅವರೆ ವಾಸನೆಯ ಒದ್ದೆ ಕೈ ನನ್ನ ತಲೆ ಮೇಲೆ ಬಂತು. ಆ ಕೈ ನಡುಗುತ್ತಿತ್ತು.

"ಅಳು ಮಗಳೇ, ಅಳು," ಅಂದರು. "ಎಷ್ಟ್ ತಿಂಗ್ಳಿಂದ ಕಾಯ್ತಾ ಇದ್ನಲ್ಲೇ. ನೀನು ಅಳ್ದೇ ನಿಂತಿದ್ದೆ. ನಾನು ಅತ್ಬಿಟ್ರೆ ನೀನು ಬಿದ್ದೋಗ್ತೀಯ ಅಂತ ನಾನೂ ಹಿಡ್ಕೊಂಡೇ ಇದ್ದೆ ಕಣೇ."

ಆಮೇಲೆ ಕಮಲಮ್ಮ ತಮ್ಮ ಮಗನಿಗಾಗಿ ಅತ್ತರು.